ಪಿಎಲ್‌ಸಿ ಪ್ಯಾನೆಲ್‌ನಲ್ಲಿ 24 ವೋಲ್ಟ್ ಡಿಸಿ ಇಳಿದರೆ ಗೊತ್ತಾಗೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಂಪ್‌ಹೌಸ್, ಪ್ಯಾಕಿಂಗ್ ಮಷಿನ್, ಬಾಯ್ಲರ್, ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಎಲ್ಲೇ ಪಿಎಲ್‌ಸಿ (ಮಷಿನನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಪುಟ್ಟ ಕಂಪ್ಯೂಟರ್) ಪ್ಯಾನೆಲ್ ತೆರೆದರೂ ಒಳಗೆ ಸಾಮಾನ್ಯವಾಗಿ 24 ವೋಲ್ಟ್ ಡಿಸಿ ಇರುತ್ತದೆ. ಅದು ಬರ್ತಿದೆಯೋ ಇಲ್ಲವೋ ಅಂತ ನೋಡುವವರು ಬಹಳ ಜನ. ಎಷ್ಟು ಬರ್ತಿದೆ ಅಂತ ನೋಡುವವರು ಕಡಿಮೆ. ಈ ಪುಟ ಆ "ಎಷ್ಟು" ಬಗ್ಗೆ. ಉದಾಹರಣೆಗೆ ಸೀಮೆನ್ಸ್ ಎಸ್7-1200 ತೆಗೆದುಕೊಂಡಿದ್ದೇನೆ, ಯಾಕಂದ್ರೆ ಅದರ ಸಿಪಿಯುನಲ್ಲೇ (ಮುಖ್ಯ ಘಟಕದಲ್ಲೇ) ಎರಡು 0–10 ವೋಲ್ಟ್ ಅನಲಾಗ್ ಇನ್‌ಪುಟ್ (ಎಷ್ಟು ವೋಲ್ಟ್ ಅಂತ ಅಳೆಯುವ ಇನ್‌ಪುಟ್) ಇವೆ. ಬೇರೆ ಪಿಎಲ್‌ಸಿ ಆದರೆ ಅಂಕಿ ಬದಲಾಗಬಹುದು, ಲೆಕ್ಕದ ದಾರಿ ಅದೇ.

ರನ್ ಲೈಟ್ ಹಸಿರಾಗೇ ಇದೆ. ಅಂದ್ರೆ ಸಪ್ಲೈ ಸರಿ ಇದೆ ಅಂತ ತಾನೇ?

ಅಲ್ಲ. ಸಿಪಿಯುಗೆ ಬದುಕಲು ಬೇಕಾದಷ್ಟು ಇದೆ ಅಂತ ಮಾತ್ರ. ಪ್ಯಾನೆಲ್‌ನಲ್ಲಿರುವ ಸಾಮಾನುಗಳ ಪೈಕಿ ಕಡಿಮೆ ವೋಲ್ಟೇಜ್ ತಡೆದುಕೊಳ್ಳುವುದರಲ್ಲಿ ಸಿಪಿಯು ಗಟ್ಟಿ. ಅದಕ್ಕಿಂತ ಮೊದಲು ತೊಂದರೆ ಶುರುವಾಗುವುದು ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ಟರೆ ಕೆಲಸ ಮಾಡುವ ವಾಲ್ವ್), ರಿಲೇ (ಕರೆಂಟ್ ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್), ಲೆವೆಲ್ ಟ್ರಾನ್ಸ್‌ಮಿಟರ್ (ಟ್ಯಾಂಕಿನ ಮಟ್ಟ ಅಳೆದು ಕಳಿಸುವ ಸಾಧನ), ಇವುಗಳಲ್ಲಿ, ಅದರಲ್ಲೂ ದೂರದಲ್ಲಿ ಇರುವವುಗಳಲ್ಲಿ. ಹಾಗಾಗಿ ಪಿಎಲ್‌ಸಿ ಆರಾಮಾಗಿ ಓಡುತ್ತಿರುತ್ತದೆ, ಮಷಿನ್ ಮಾತ್ರ ವಿಚಿತ್ರವಾಗಿ ಆಡುತ್ತದೆ. ಮೊದಲು ಬೈಸಿಕೊಳ್ಳುವವರು ಪ್ರೋಗ್ರಾಂ ಬರೆದವರು.

ಎಷ್ಟಕ್ಕೆ ಇಳಿದರೆ "ಕಡಿಮೆ" ಅನ್ನಬೇಕು?

ಎಸ್7-1200 ಡಿಸಿ ಮಾದರಿಗೆ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿ 20.4ರಿಂದ 28.8 ವೋಲ್ಟ್. ಅಂದರೆ 24ಕ್ಕಿಂತ 15% ಕೆಳಗೆ, 20% ಮೇಲೆ. ಪಿಎಲ್‌ಸಿಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61131-2 ಕೂಡ ಇದೇ ಅಳತೆ ಇಟ್ಟಿದೆ. ಆದರೆ ಎಷ್ಟೋ ಸೊಲೆನಾಯ್ಡ್ ಕಾಯಿಲ್‌ಗಳ ಮೇಲೆ ಪ್ಲಸ್-ಮೈನಸ್ 10% ಅಂತ ಬರೆದಿರುತ್ತದೆ, ಅಂದರೆ 21.6 ವೋಲ್ಟ್. ಹಾಗಾಗಿ ಪಿಎಲ್‌ಸಿಯ 20.4 ನೋಡಿಕೊಂಡು ಅಲಾರಂ ಇಟ್ಟರೆ ತಡವಾಯಿತು ಅಂತಲೇ ಲೆಕ್ಕ. ಪ್ಯಾನೆಲ್‌ನಲ್ಲಿ ಯಾವ ಸಾಮಾನಿಗೆ ಅತಿ ಹೆಚ್ಚು ಬೇಕೋ ಅದರ ಮಿತಿ ಹಿಡಿಯಿರಿ.

24 ವೋಲ್ಟನ್ನು ಒಂದು ಡಿಜಿಟಲ್ ಇನ್‌ಪುಟ್‌ಗೆ ಕೊಟ್ಟು "ಸಪ್ಲೈ ಓಕೆ" ಅಂತ ಮಾಡಿದರೆ ಸಾಲದಾ?

ಸಾಲದು. ಡಿಜಿಟಲ್ ಇನ್‌ಪುಟ್ 15 ವೋಲ್ಟ್ ಬಂದರೂ "ಆನ್" ಅನ್ನುತ್ತದೆ. 24 ಇದ್ದದ್ದು 17 ಆದರೂ ಆ ಬಿಟ್ ಅಲುಗಾಡುವುದಿಲ್ಲ. ಅದು ಆಫ್ ಆಗುವಷ್ಟರಲ್ಲಿ ಅದನ್ನು ಓದಬೇಕಾದ ಸಿಪಿಯುವೇ ನಿಂತಿರುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಆಚೆಗಿನ ಬೇರೆ ಸರ್ಕ್ಯೂಟ್‌ಗೆ ಸಪ್ಲೈ ಹೋಗಿದೆಯಾ ಅಂತ ನೋಡಲು ಈ ವಿಧಾನ ಚೆನ್ನಾಗಿದೆ, ಅಷ್ಟೇ.

ವೋಲ್ಟೇಜ್ ಇಳಿದಿದ್ದರೆ ಹೊರಗೆ ಏನೇನು ಲಕ್ಷಣ ಕಾಣುತ್ತದೆ?

ಮೊದಲನೆಯದು ರಿಲೇ. 24 ವೋಲ್ಟ್ ಡಿಸಿಯ ಸಾಮಾನ್ಯ ಪ್ಲಗ್-ಇನ್ ರಿಲೇ ಎಳೆದುಕೊಳ್ಳಲು 75–80%ವರೆಗೆ ಕೇಳುತ್ತದೆ, ಅಂದರೆ ಸುಮಾರು 18–19 ವೋಲ್ಟ್. ಒಮ್ಮೆ ಎಳೆದ ಮೇಲೆ ಬಿಡುವುದು ಮಾತ್ರ 10–15%ಗೆ ಇಳಿದಾಗ. ಇದರಿಂದ ಒಂದು ತಮಾಷೆ ಆಗುತ್ತದೆ. ಓಡುತ್ತಿರುವ ಮಷಿನ್ 18 ವೋಲ್ಟ್‌ನಲ್ಲೂ ಓಡುತ್ತಲೇ ಇರುತ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಕೊಟ್ಟರೆ ಏಳುವುದಿಲ್ಲ. "ಬೆಳಗ್ಗೆಯಿಂದ ಚೆನ್ನಾಗಿ ಓಡ್ತಿತ್ತು, ಊಟಕ್ಕೆ ನಿಲ್ಸಿ ಬಂದ್ಮೇಲೆ ಸ್ಟಾರ್ಟ್ ಆಗ್ತಿಲ್ಲ" ಅನ್ನುವ ಫೋನ್ ಬಂದರೆ ಮೊದಲು ಮಲ್ಟಿಮೀಟರ್ ಹಿಡಿಯಲು ಹೇಳಿ.

ಎರಡನೆಯದು ಇನ್ನೂ ಅಪಾಯದ್ದು, ಯಾಕಂದ್ರೆ ಅಲ್ಲಿ ಏನೂ ನಿಲ್ಲುವುದಿಲ್ಲ, ಸುಳ್ಳು ಲೆಕ್ಕ ಬರುತ್ತದೆ. ಎರಡು ವೈರಿನ 4–20 ಮಿಲಿಆಂಪ್ (ಟ್ಯಾಂಕ್ ಖಾಲಿ ಅಂದರೆ 4, ತುಂಬಿದರೆ 20) ಟ್ರಾನ್ಸ್‌ಮಿಟರ್ ತನ್ನ ಲೂಪ್‌ನಿಂದಲೇ ಕರೆಂಟ್ ಪಡೆಯುತ್ತದೆ. ಅದಕ್ಕೆ ಕನಿಷ್ಠ 12 ವೋಲ್ಟ್ ಬೇಕು ಅಂದುಕೊಳ್ಳಿ. ಸಿಪಿಯುನ 0–10 ವೋಲ್ಟ್ ಇನ್‌ಪುಟ್‌ಗೆ ಓದಿಸಲು ನಾವು 500 ಓಮ್ ರೆಸಿಸ್ಟರ್ ಹಾಕಿರುತ್ತೇವೆ. 20 ಮಿಲಿಆಂಪ್ ಹರಿಯುವಾಗ ರೆಸಿಸ್ಟರ್ ಒಂದೇ 10 ವೋಲ್ಟ್ ನುಂಗುತ್ತದೆ. ಒಟ್ಟು 22 ವೋಲ್ಟ್ ಬೇಕಾಯಿತು. ಸಪ್ಲೈ 21ಕ್ಕೆ ಇಳಿದರೆ ಲೂಪ್‌ನಲ್ಲಿ ಹರಿಯಬಹುದಾದ ಗರಿಷ್ಠ ಕರೆಂಟ್ 18 ಮಿಲಿಆಂಪ್. ಅಂದರೆ ಟ್ಯಾಂಕ್ ತುಂಬಿ ಹರಿದರೂ ಸ್ಕ್ರೀನ್ ಮೇಲೆ 87.5% ದಾಟುವುದಿಲ್ಲ. ಪಂಪ್ ಆಫ್ ಆಗಲು 90% ಇಟ್ಟಿದ್ದರೆ ಅದು ಆಫ್ ಆಗುವುದೇ ಇಲ್ಲ. ಕೆಳಗಿನ ಲೆವೆಲ್‌ಗಳಲ್ಲಿ ಓದುವಿಕೆ ಸರಿಯಾಗೇ ಇರುವುದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ. ಗಮನಿಸಿ, 21 ವೋಲ್ಟ್ ಪಿಎಲ್‌ಸಿ ಮಿತಿಯ ಒಳಗೇ ಇದೆ.

ಈ ಒಂದು ಕಾರಣ ಸಾಕು ನನಗೆ, ಪ್ರತಿ ಪ್ಯಾನೆಲ್‌ನಲ್ಲೂ ಒಂದು ಅನಲಾಗ್ ಇನ್‌ಪುಟ್ ಸಪ್ಲೈ ನೋಡುವುದಕ್ಕೇ ಇರಲಿ ಅನ್ನಲು.

ಎಸ್‌ಎಂಪಿಎಸ್‌ನಲ್ಲೇ (230 ವೋಲ್ಟನ್ನು 24 ವೋಲ್ಟ್ ಡಿಸಿ ಮಾಡುವ ಪವರ್ ಸಪ್ಲೈನಲ್ಲೇ) "ಡಿಸಿ ಓಕೆ" ಕಾಂಟ್ಯಾಕ್ಟ್ ಇದೆಯಲ್ಲ?

ಇದ್ದರೆ ಖಂಡಿತ ವೈರ್ ಮಾಡಿ, ಬಿಟ್ಟಿ ಸಿಗುವ ಸಿಗ್ನಲ್ ಅದು. ಆದರೆ ಅದು ಎಸ್‌ಎಂಪಿಎಸ್‌ನ ಟರ್ಮಿನಲ್‌ನಲ್ಲಿ ಏನಿದೆ ಅಂತ ಹೇಳುತ್ತದೆ, ವೈರಿನ ಆ ತುದಿಯಲ್ಲಿ ಏನಿದೆ ಅಂತಲ್ಲ. ಇನ್ನೊಂದು, ಅದು ಹೌದು ಅಥವಾ ಇಲ್ಲ ಅನ್ನುತ್ತದೆ. ಆರು ತಿಂಗಳಲ್ಲಿ 24.1ರಿಂದ 22.8ಕ್ಕೆ ಇಳಿದ ಕಥೆ ಅದರಿಂದ ಸಿಗುವುದಿಲ್ಲ.

24 ವೋಲ್ಟನ್ನು ನೇರವಾಗಿ 0–10 ವೋಲ್ಟ್ ಇನ್‌ಪುಟ್‌ಗೆ ಕೊಟ್ಟರೆ ಏನಾಗುತ್ತದೆ?

ಎಸ್7-1200ರ ಇನ್‌ಪುಟ್ 35 ವೋಲ್ಟ್‌ವರೆಗೆ ತಡೆಯುತ್ತದೆ, ಹಾಗಾಗಿ ಸುಡದೆ ಇರಬಹುದು. ಆದರೆ ಓದುವುದು ಸುಮ್ನೆ 32767, ಅಂದರೆ "ಅಳತೆ ಮೀರಿದೆ". 24 ಇದ್ದರೂ 18 ಇದ್ದರೂ ಅದೇ. ಬೇರೆ ಕಂಪನಿಯ ಕಾರ್ಡ್‌ಗಳು ಇಷ್ಟು ಸಹನೆ ತೋರಿಸುತ್ತವೆ ಅಂತ ನಂಬಬೇಡಿ.

ಹಾಗಾದರೆ ಯಾವ ರೆಸಿಸ್ಟರ್ ಹಾಕಬೇಕು?

ಎರಡು ರೆಸಿಸ್ಟರ್‌ನ ವೋಲ್ಟೇಜ್ ಡಿವೈಡರ್ ಸಾಕು. ಮೇಲೆ 2.2 ಕಿಲೋ ಓಮ್, ಕೆಳಗೆ 1 ಕಿಲೋ ಓಮ್. ಪ್ಲಸ್‌ನಿಂದ 2.2, ಅಲ್ಲಿಂದ 1, ಅಲ್ಲಿಂದ ಮೈನಸ್. ನಡುವಿನ ಬಿಂದುವಿನಿಂದ ಅನಲಾಗ್ ಇನ್‌ಪುಟ್‌ಗೆ. ಒಟ್ಟು 3.2 ಪಾಲಿನಲ್ಲಿ 1 ಪಾಲು ಇನ್‌ಪುಟ್‌ಗೆ ಸಿಗುತ್ತದೆ. 32 ವೋಲ್ಟ್ ಇದ್ದರೆ 10, 24 ಇದ್ದರೆ 7.5.

"22 ಕೆ ಮತ್ತು 10 ಕೆ ಹಾಕಿದರೂ ಅನುಪಾತ ಅದೇ ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಕಾಗದದ ಮೇಲೆ ಅದೇ. ಆದರೆ ಅನಲಾಗ್ ಇನ್‌ಪುಟ್‌ಗೆ ತನ್ನದೇ ರೆಸಿಸ್ಟೆನ್ಸ್ ಇದೆ, ಎಸ್7-1200ರಲ್ಲಿ ಕನಿಷ್ಠ 100 ಕಿಲೋ ಓಮ್. ಅದು ಕೆಳಗಿನ ರೆಸಿಸ್ಟರ್‌ಗೆ ಪ್ಯಾರಲಲ್ ಆಗಿ ಕೂರುತ್ತದೆ. 10 ಕೆ ಜೊತೆ 100 ಕೆ ಸೇರಿದರೆ 9.09 ಕೆ. ಆಗ 24 ವೋಲ್ಟ್‌ಗೆ 7.5 ಬರುವ ಕಡೆ 7.02 ಬರುತ್ತದೆ, ಸ್ಕ್ರೀನ್ ಮೇಲೆ 22.5 ವೋಲ್ಟ್ ಅಂತ ಕಾಣುತ್ತದೆ. ಒಂದೂವರೆ ವೋಲ್ಟ್ ತಪ್ಪು! ನಮ್ಮ ಅಲಾರಂ ಇರುವುದೇ ಆ ಅಂತರದಲ್ಲಿ. 1 ಕೆ ಹಾಕಿದರೆ ಇದೇ ತಪ್ಪು 0.7%ಗೆ ಇಳಿಯುತ್ತದೆ.

ಬಿಸಿಯ ಲೆಕ್ಕ: 24 ವೋಲ್ಟ್‌ಗೆ 7.5 ಮಿಲಿಆಂಪ್ ಹರಿಯುತ್ತದೆ, 2.2 ಕೆ ಮೇಲೆ ಸುಮಾರು 0.12 ವ್ಯಾಟ್. ಅರ್ಧ ವ್ಯಾಟ್‌ನ 1% ಮೆಟಲ್ ಫಿಲ್ಮ್ ರೆಸಿಸ್ಟರ್ ತೆಗೆದುಕೊಳ್ಳಿ. ಕೆಲವೇ ರೂಪಾಯಿಯ ಸಾಮಾನು. ಕಾಲು ವ್ಯಾಟ್‌ನದ್ದೂ ನಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಪ್ಯಾನೆಲ್ ಒಳಗಿನ ಬಿಸಿ ನೆನಪಿರಲಿ. ಪ್ಲಸ್ ತೆಗೆಯುವ ಕಡೆ ಒಂದು ಚಿಕ್ಕ ಗಾಜಿನ ಫ್ಯೂಸ್ ಇರಲಿ. ರೆಸಿಸ್ಟರ್‌ಗಳನ್ನು ಗಾಳಿಯಲ್ಲಿ ನೇತುಹಾಕಿ ಟೇಪ್ ಸುತ್ತಬೇಡಿ. ಟರ್ಮಿನಲ್‌ನಲ್ಲಿ ಸರಿಯಾಗಿ ಹಿಡಿಸಿ. ಕೆಳಗಿನ ರೆಸಿಸ್ಟರ್ ಬಿಚ್ಚಿಕೊಂಡರೆ ಪೂರ್ತಿ 24 ವೋಲ್ಟ್ ಇನ್‌ಪುಟ್‌ಗೆ ನುಗ್ಗುತ್ತದೆ.

ಪ್ರೋಗ್ರಾಂನಲ್ಲಿ ಸ್ಕೇಲಿಂಗ್ ಹೇಗೆ?

ಎಸ್7-1200ರಲ್ಲಿ 10 ವೋಲ್ಟ್ ಅಂದರೆ 27648. ನಮ್ಮ ಡಿವೈಡರ್‌ಗೆ ಅದು 32 ವೋಲ್ಟ್. ಬಂದ ಸಂಖ್ಯೆಯನ್ನು 27648ರಿಂದ ಭಾಗಿಸಿ 32ರಿಂದ ಗುಣಿಸಿದರೆ ವೋಲ್ಟೇಜ್ ಸಿಕ್ಕಿತು. 24 ವೋಲ್ಟ್‌ಗೆ 20736 ಬರಬೇಕು, 21 ವೋಲ್ಟ್‌ಗೆ 18144. ಸಿಪಿಯು ಮೇಲಿನ ಇನ್‌ಪುಟ್ 10 ಬಿಟ್‌ನದ್ದು, ಹಾಗಾಗಿ ಒಂದೊಂದು ಮೆಟ್ಟಿಲು ಸುಮಾರು 0.03 ವೋಲ್ಟ್. ಈ ಕೆಲಸಕ್ಕೆ ಬೇಕಾದಷ್ಟಾಯಿತು.

ಸೀಮೆನ್ಸ್‌ನದೇ ಚಿಕ್ಕ ಪಿಎಲ್‌ಸಿ ಲೋಗೋ ಬಳಸುವವರಿಗೆ: ಅಲ್ಲಿ 10 ವೋಲ್ಟ್ ಅಂದರೆ 1000. ಗೇನ್ 3.2 ಇಟ್ಟರೆ 24 ವೋಲ್ಟ್‌ಗೆ 2400 ಕಾಣುತ್ತದೆ, ಎರಡು ದಶಮಾಂಶ ಅಂತ ಓದಿಕೊಳ್ಳಿ. ಅನಲಾಗ್ ಥ್ರೆಶೋಲ್ಡ್ ಟ್ರಿಗರ್ ಬ್ಲಾಕ್‌ನಲ್ಲಿ ಆನ್ ಮತ್ತು ಆಫ್ ಮಿತಿ ಬೇರೆ ಬೇರೆ ಕೊಡಬಹುದು, ಅದನ್ನೇ ಬಳಸಿ.

ಕೊನೆಗೆ ಒಳ್ಳೆಯ ಮಲ್ಟಿಮೀಟರ್ ಹಿಡಿದು ಪಿಎಲ್‌ಸಿ ಟರ್ಮಿನಲ್‌ನಲ್ಲೇ ಅಳೆಯಿರಿ. ಸ್ಕ್ರೀನ್ ಮೇಲಿನ ಅಂಕಿ ಬೇರೆ ಬಂದರೆ 32 ಅನ್ನುವ ಸಂಖ್ಯೆಯನ್ನು ಸ್ವಲ್ಪ ತಿದ್ದಿ. ರೆಸಿಸ್ಟರ್‌ನ ಏರುಪೇರು, ಇನ್‌ಪುಟ್‌ನ ಲೋಡಿಂಗ್ ಎಲ್ಲಾ ಅದರಲ್ಲೇ ಸರಿಹೋಗುತ್ತದೆ. ಎಸ್‌ಎಂಪಿಎಸ್‌ನ ಟ್ರಿಮ್ ಸ್ಕ್ರೂ ತಿರುಗಿಸಿ ಇನ್ನೊಂದು ವೋಲ್ಟೇಜ್‌ನಲ್ಲೂ ಒಮ್ಮೆ ತಾಳೆ ನೋಡಿದರೆ ಇನ್ನೂ ಒಳ್ಳೆಯದು.

ಅಲಾರಂ ಎಷ್ಟಕ್ಕೆ ಇಡಲಿ? ಸುಮ್ಮಸುಮ್ಮನೆ ಕೂಗಬಾರದು.

ಎಸ್‌ಎಂಪಿಎಸ್‌ನಿಂದ ಓಡುವ ಮಾಮೂಲಿ ಪ್ಯಾನೆಲ್‌ಗೆ ನಾನು ಎರಡು ಹಂತ ಇಡುತ್ತೇನೆ. 22.5ಕ್ಕಿಂತ ಕೆಳಗೆ 10 ಸೆಕೆಂಡ್ ಇದ್ದರೆ ಎಚ್ಚರಿಕೆ. ಬರೀ ಮೆಸೇಜ್, ಮಷಿನ್ ನಿಲ್ಲುವುದಿಲ್ಲ. 21.6ಕ್ಕಿಂತ ಕೆಳಗೆ 2 ಸೆಕೆಂಡ್ ಇದ್ದರೆ ಅಲಾರಂ. ಆಗ ಹೊಸ ಸೈಕಲ್ ಶುರುವಾಗಬಾರದು, ನಡೆಯುತ್ತಿರುವುದನ್ನು ಕ್ರಮವಾಗಿ ನಿಲ್ಲಿಸಬೇಕು. ವಾಲ್ವ್‌ಗಳಿಗೆ ಎಳೆಯುವ ಶಕ್ತಿ ಇರುವಾಗಲೇ ನಿಲ್ಲಿಸುವುದು ಜಾಣತನ.

ಅಲಾರಂ ಹೋಗಬೇಕಾದರೆ ವೋಲ್ಟೇಜ್ 23 ದಾಟಿ ಅರ್ಧ ನಿಮಿಷ ನಿಂತಿರಬೇಕು. ಈ ಅಂತರ ಇಲ್ಲದಿದ್ದರೆ 21.6ರ ಅಂಚಿನಲ್ಲಿ ಅಲಾರಂ ಬಂದು ಹೋಗಿ ಮಾಡುತ್ತದೆ, ಎರಡು ದಿನಕ್ಕೆ ಆಪರೇಟರ್ ಹೂಟರ್‌ನ ವೈರ್ ಕಿತ್ತುಹಾಕುತ್ತಾನೆ.

ಎಲ್ಲಿಂದ ಅಳೆಯಬೇಕು, ಎಸ್‌ಎಂಪಿಎಸ್ ಹತ್ತಿರವಾ, ಪಿಎಲ್‌ಸಿ ಹತ್ತಿರವಾ?

ಒಂದೇ ಇನ್‌ಪುಟ್ ಇದ್ದರೆ, ಅತಿ ಹೆಚ್ಚು ತೊಂದರೆ ಪಡುವ ತುದಿಯಿಂದ. ಲೆಕ್ಕ ನೋಡಿ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 13.3 ಓಮ್. ಫೀಲ್ಡ್ ಬಾಕ್ಸ್ 100 ಮೀಟರ್ ದೂರ ಇದ್ದರೆ ಹೋಗಿ ಬರುವ ವೈರ್ 200 ಮೀಟರ್, ಅಂದರೆ 2.66 ಓಮ್. 2 ಆಂಪ್ ಹರಿದರೆ 5.3 ವೋಲ್ಟ್ ದಾರಿಯಲ್ಲೇ ಹೋಯಿತು. ಪ್ಯಾನೆಲ್‌ನಲ್ಲಿ ಅಚ್ಚುಕಟ್ಟಾಗಿ 24, ಅಲ್ಲಿ 18.7. ವಾಲ್ವ್ ಎಲ್ಲಾ ಆಫ್ ಇರುವಾಗ ಹೋಗಿ ಅಳೆದರೆ ಅಲ್ಲೂ 24 ಕಾಣುತ್ತದೆ, ಅದಕ್ಕೇ ಟೆಕ್ನಿಷಿಯನ್‌ಗಳು "ಸಪ್ಲೈ ಪಕ್ಕಾ ಇದೆ ಸರ್" ಅಂತ ವಾಪಸ್ ಬರುವುದು. ಲೋಡ್ ಇರುವಾಗ ಅಳೆಯಿರಿ. 2.5 ಸ್ಕ್ವೇರ್ ಎಂಎಂ ಹಾಕಿದರೂ 3.2 ವೋಲ್ಟ್ ಹೋಗುತ್ತದೆ. ಇಷ್ಟು ದೂರಕ್ಕೆ ಅಲ್ಲೇ ಒಂದು ಚಿಕ್ಕ ಎಸ್‌ಎಂಪಿಎಸ್ ಇಡುವುದು ವಾಸಿ.

ಇಳಿಕೆ ಪ್ಲಸ್ ವೈರಿನಲ್ಲಿ ಅರ್ಧ, ಮೈನಸ್ ವೈರಿನಲ್ಲಿ ಇನ್ನರ್ಧ. ಹಾಗಾಗಿ ದೂರದಿಂದ ಬರೀ ಪ್ಲಸ್ ತಂದು ಪ್ಯಾನೆಲ್‌ನ ಮೈನಸ್‌ಗೆ ಹೋಲಿಸಿ ಅಳೆದರೆ ಅರ್ಧ ಇಳಿಕೆ ಮಾತ್ರ ಕಾಣುತ್ತದೆ.

ಸಿಪಿಯು ಮೇಲಿರುವ ಸೆನ್ಸರ್ ಸಪ್ಲೈ ಟರ್ಮಿನಲ್ ಬಳಸುವವರಿಗೆ ಇನ್ನೊಂದು ಮಾತು. ಡಿಸಿ ಮಾದರಿಯಲ್ಲಿ ಆ ಔಟ್‌ಪುಟ್ ಒಳಬರುವ ಸಪ್ಲೈಗಿಂತ 4 ವೋಲ್ಟ್‌ವರೆಗೆ ಕಡಿಮೆ ಇರಬಹುದು ಅಂತ ಕೈಪಿಡಿಯೇ ಹೇಳುತ್ತದೆ.

ಸ್ಕ್ರೀನ್ ಮೇಲೆ 24 ನಿಂತಿದೆ, ಆದರೂ ಪಿಎಲ್‌ಸಿ ಆಗಾಗ ರೀಸ್ಟಾರ್ಟ್ ಆಗುತ್ತದೆ. ಯಾಕೆ?

ಕ್ಷಣಮಾತ್ರದ ಕುಸಿತ ಇರಬಹುದು. ಸಿಪಿಯು ಸುಮಾರು 10 ಮಿಲಿಸೆಕೆಂಡ್ ಸಪ್ಲೈ ಇಲ್ಲದೆ ತಡೆದುಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿಯಾದರೆ ನಿಲ್ಲುತ್ತದೆ. ಅನಲಾಗ್ ಇನ್‌ಪುಟ್‌ನ ಸ್ಮೂಥಿಂಗ್ "ಸ್ಟ್ರಾಂಗ್" ಇಟ್ಟಿದ್ದರೆ ಚಿಕ್ಕ ಕುಸಿತ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಸ್ಮೂಥಿಂಗ್ ತೆಗೆದು, ಪ್ರತಿ ಸ್ಕ್ಯಾನ್‌ನಲ್ಲೂ (ಪ್ರೋಗ್ರಾಂನ ಪ್ರತಿ ಸುತ್ತಿನಲ್ಲೂ) ಕನಿಷ್ಠ ಬೆಲೆಯನ್ನು ಹಿಡಿದಿಡುವ ಒಂದು ಮೆಮೊರಿ ಮಾಡಿ. ಅದು ರಿಟೆಂಟಿವ್ (ಸಪ್ಲೈ ಹೋದರೂ ಅಳಿಯದ್ದು) ಆಗಿರಲಿ, ಇಲ್ಲದಿದ್ದರೆ ರೀಸ್ಟಾರ್ಟ್ ಜೊತೆಗೆ ಸಾಕ್ಷಿಯೂ ಅಳಿಸಿಹೋಗುತ್ತದೆ.

ಇಷ್ಟಾದರೂ ಕೆಲವು ಕುಸಿತ ತಪ್ಪಿಸಿಕೊಳ್ಳುತ್ತವೆ. ಆಗ ಆಸಿಲೋಸ್ಕೋಪ್ ಬೇಕು. ಸುಲಭದ ಪರೀಕ್ಷೆ ಒಂದಿದೆ: ಮಲ್ಟಿಮೀಟರನ್ನು ಎಸಿ ರೇಂಜ್‌ಗೆ ಇಟ್ಟು ಅದೇ 24 ವೋಲ್ಟ್ ಟರ್ಮಿನಲ್‌ನಲ್ಲಿ ಅಳೆಯಿರಿ. ಸುಸ್ಥಿತಿಯ ಎಸ್‌ಎಂಪಿಎಸ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಒಂದೆರಡು ವೋಲ್ಟ್ ಕಂಡರೆ ಒಳಗಿನ ಕೆಪಾಸಿಟರ್ ಒಣಗಿದೆ, ಬದಲಿಸುವ ಕಾಲ ಬಂತು. ಕೆಲವು ಮೀಟರ್‌ಗಳು ಎಸಿ ರೇಂಜ್‌ನಲ್ಲಿ ಡಿಸಿಗೂ ಏನೋ ಒಂದು ಅಂಕಿ ತೋರಿಸುತ್ತವೆ, ಮೊದಲು ಒಂದು ಬ್ಯಾಟರಿ ಮೇಲೆ ಪರೀಕ್ಷಿಸಿಕೊಳ್ಳಿ.

ಇಳಿಯುವುದಕ್ಕೆ ಮೂಲ ಕಾರಣ ಸಾಮಾನ್ಯವಾಗಿ ಏನಿರುತ್ತದೆ?

ಲೂಸ್ ಟರ್ಮಿನಲ್, ವಯಸ್ಸಾದ ಎಸ್‌ಎಂಪಿಎಸ್, ವರ್ಷ ವರ್ಷ ಸೇರಿಸುತ್ತಾ ಹೋದ ಲೋಡ್. ಇವು ಎಲ್ಲರಿಗೂ ಗೊತ್ತಿರುವುದೇ.

ಗೊತ್ತಿಲ್ಲದೆ ಕಾಡುವುದು ಎಂಸಿಬಿ ವಿಷಯ. 5 ಆಂಪ್ ಎಸ್‌ಎಂಪಿಎಸ್ ಮುಂದೆ 2 ಆಂಪ್‌ನ ಸಿ ಕರ್ವ್ ಎಂಸಿಬಿ ಹಾಕಿರುತ್ತಾರೆ. ಫೀಲ್ಡ್‌ನಲ್ಲಿ ಶಾರ್ಟ್ ಆದರೆ ಆ ಎಂಸಿಬಿ ತಕ್ಷಣ ಟ್ರಿಪ್ ಆಗಲು 20 ಆಂಪ್‌ಗಿಂತ ಹೆಚ್ಚು ಬೇಕು. ಎಸ್‌ಎಂಪಿಎಸ್ ಕೊಡುವುದು ಹೆಚ್ಚೆಂದರೆ 7–8 ಆಂಪ್. ಎಂಸಿಬಿ ಬಿಸಿಯಾಗಿ ಬೀಳುವವರೆಗೆ ಇಡೀ ಪ್ಯಾನೆಲ್‌ನ 24 ವೋಲ್ಟ್ ನೆಲಕಚ್ಚಿರುತ್ತದೆ. ಎಲ್ಲೋ ಒಂದು ಪ್ರಾಕ್ಸಿಮಿಟಿ ಸೆನ್ಸರ್ ಕೇಬಲ್ ಜಜ್ಜಿದ್ದಕ್ಕೆ ಸಿಪಿಯು ನಿಂತಿತು. ಸಿಪಿಯುಗೆ ಒಂದು, ಫೀಲ್ಡ್‌ಗೆ ಒಂದು, ಹೀಗೆ ಬೇರೆ ಬೇರೆ ಎಸ್‌ಎಂಪಿಎಸ್ ಇಡಿ. ಅಥವಾ ಎಲೆಕ್ಟ್ರಾನಿಕ್ ಫ್ಯೂಸ್ ಹಾಕಿ.

ಹಳ್ಳಿ ಕಡೆಯ ನೀರು ಸರಬರಾಜು ಘಟಕಗಳಲ್ಲಿ ಇನ್ನೊಂದು ಇದೆ. ಹಳೆಯ ಪ್ಯಾನೆಲ್‌ನಲ್ಲಿ ಎಸ್‌ಎಂಪಿಎಸ್ ಬದಲು ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ಕೆಪಾಸಿಟರ್ ಇರುತ್ತದೆ. ಮೇಲಿನ 230 ಇಳಿದಷ್ಟೇ ಪ್ರಮಾಣದಲ್ಲಿ ಕೆಳಗಿನ 24 ಕೂಡ ಇಳಿಯುತ್ತದೆ. ಮೂರು ಫೇಸ್ ಬಿಟ್ಟ ಹೊತ್ತಿಗೆ ಸುತ್ತಲಿನ ಐಪಿ ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ 180 ವೋಲ್ಟ್ ಆಗುವುದು ಅಪರೂಪವಲ್ಲ. ಆಗ ನಿಮ್ಮ 24, 19ಕ್ಕೂ ಕೆಳಗೆ. 85ರಿಂದ 264 ವೋಲ್ಟ್‌ವರೆಗೆ ತಡೆಯುವ ಎಸ್‌ಎಂಪಿಎಸ್ ಹಾಕಿದರೆ ಈ ರಗಳೆ ಮುಗಿಯುತ್ತದೆ.

ಬ್ಯಾಟರಿ ಬ್ಯಾಕಪ್ ಇರುವ ಪ್ಯಾನೆಲ್‌ಗೂ ಇದೇ ಮಿತಿಗಳಾ?

ಅಲ್ಲ. 12 ವೋಲ್ಟ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ ಸೀರೀಸ್‌ನಲ್ಲಿದ್ದರೆ ಫ್ಲೋಟ್‌ನಲ್ಲಿ (ತುಂಬಿದ ಮೇಲೂ ಚಾರ್ಜರ್‌ಗೆ ಜೋಡಿಸಿಯೇ ಇರುವಾಗ) 27ರಿಂದ 27.6 ವೋಲ್ಟ್ ಇರುತ್ತದೆ. ಕರೆಂಟ್ ಹೋದ ಮೇಲೆ ನಿಧಾನವಾಗಿ ಇಳಿದು 21ಕ್ಕೆ ಬಂದರೆ, ಅಂದರೆ ಒಂದೊಂದಕ್ಕೆ 10.5, ಬ್ಯಾಟರಿ ಖಾಲಿ. ಇನ್ನೂ ಎಳೆದರೆ ಬ್ಯಾಟರಿಯೇ ಹಾಳು. ಇಲ್ಲಿ 26ಕ್ಕಿಂತ ಕೆಳಗೆ ಬಂದು ಸ್ವಲ್ಪ ಹೊತ್ತು ನಿಂತರೇ "ಚಾರ್ಜರ್ ಕೆಲಸ ಮಾಡ್ತಿಲ್ಲ" ಅಂತ ಎಚ್ಚರಿಸಬಹುದು.

21.5ರಲ್ಲಿ ಲೋಡ್ ಕಡಿದುಹಾಕುವ ಲಾಜಿಕ್ ಇಟ್ಟರೆ ಒಂದು ಎಚ್ಚರ. ಲೋಡ್ ತೆಗೆದ ಕೂಡಲೇ ಬ್ಯಾಟರಿ ವೋಲ್ಟೇಜ್ ತಾನಾಗೇ 23–24ಕ್ಕೆ ಏರುತ್ತದೆ. ಚಾರ್ಜ್ ಆಗಿಲ್ಲ, ಸುಮ್ನೆ ಉಸಿರು ಬಿಟ್ಟಿದೆ ಅಷ್ಟೇ. ವಾಪಸ್ ಸೇರಿಸುವ ಮಿತಿಯನ್ನು 26ರ ಮೇಲೆ ಇಡಿ. ಆಗ ಚಾರ್ಜರ್ ಬಂದ ಮೇಲೆಯೇ ಸೇರುತ್ತದೆ.

ನನಗೆ ಬಹಳ ಇಷ್ಟವಾದ ಉಪಾಯ, ಎರಡನೇ ಅನಲಾಗ್ ಇನ್‌ಪುಟ್‌ನಿಂದ ಎರಡು ಬ್ಯಾಟರಿಗಳ ನಡುವಿನ ಜೋಡಣೆಯನ್ನು ಓದುವುದು. ಅಲ್ಲಿ ಒಟ್ಟು ವೋಲ್ಟೇಜ್‌ನ ಅರ್ಧ ಇರಬೇಕು. ಒಟ್ಟು 24 ಇದ್ದು ನಡುವೆ 13 ಕಂಡರೆ ಒಂದರಲ್ಲಿ 13, ಇನ್ನೊಂದರಲ್ಲಿ 11. ಒಂದು ಬ್ಯಾಟರಿ ಸಾಯುತ್ತಿದೆ. ಒಟ್ಟು ವೋಲ್ಟೇಜ್ ಮಾತ್ರ ನೋಡುವವರಿಗೆ ಇದು ಕೊನೆಯ ದಿನದವರೆಗೂ ಕಾಣುವುದಿಲ್ಲ.

2.2 ಕೆ ಮತ್ತು 1 ಕೆ ಡಿವೈಡರ್ ಯಾವಾಗಲೂ 7.5 ಮಿಲಿಆಂಪ್ ಎಳೆಯುತ್ತಿರುತ್ತದೆ. 7 ಆಂಪಿಯರ್-ಅವರ್ ಬ್ಯಾಟರಿಯನ್ನು ಚಾರ್ಜರ್ ಇಲ್ಲದೆ ಬಿಟ್ಟರೆ ಇದೊಂದೇ ಅದನ್ನು ಸುಮಾರು 39 ದಿನದಲ್ಲಿ ಬರಿದು ಮಾಡುತ್ತದೆ. ಅಂಥ ಕಡೆ 22 ಕೆ, 10 ಕೆ ಹಾಕಿ, ತಪ್ಪನ್ನು ಕ್ಯಾಲಿಬ್ರೇಷನ್‌ನಲ್ಲಿ ಸರಿಮಾಡಿ.

ಡಿಜಿ ಸೆಟ್‌ನ (ಡೀಸೆಲ್ ಜನರೇಟರ್‌ನ) ಬ್ಯಾಟರಿಯಿಂದಲೇ ಪಿಎಲ್‌ಸಿ ಓಡಿಸಬಹುದಾ?

ಬೇಡ. ಸ್ಟಾರ್ಟರ್ ಎಳೆಯುವ ಕ್ಷಣ ಬ್ಯಾಟರಿ ವೋಲ್ಟೇಜ್ ಪಾತಾಳಕ್ಕೆ ಹೋಗುತ್ತದೆ, ಪಿಎಲ್‌ಸಿ ರೀಸೆಟ್ ಆಗುತ್ತದೆ. ಡಿಜಿಗೆಂದೇ ಮಾಡಿದ ಕಂಟ್ರೋಲರ್‌ಗಳನ್ನು ಇದಕ್ಕಾಗಿಯೇ ಬೇರೆ ರೀತಿ ಕಟ್ಟಿರುತ್ತಾರೆ. ಡೀಪ್ ಸೀ ಕಂಪನಿಯ ಕಂಟ್ರೋಲರ್‌ಗಳು 8ರಿಂದ 35 ವೋಲ್ಟ್‌ನಲ್ಲಿ ಓಡುತ್ತವೆ, ಕ್ರ್ಯಾಂಕಿಂಗ್‌ನಲ್ಲಿ 50 ಮಿಲಿಸೆಕೆಂಡ್ ಪೂರ್ತಿ ಸೊನ್ನೆಯಾದರೂ ತಡೆಯುತ್ತವೆ. ಪಿಎಲ್‌ಸಿಯೇ ಬೇಕೆಂದರೆ ಅದಕ್ಕೆ ಪ್ರತ್ಯೇಕ ಬ್ಯಾಟರಿ ಕೊಡಿ, ಸ್ಟಾರ್ಟಿಂಗ್ ಬ್ಯಾಟರಿಯನ್ನು ಅಳೆಯಲು ಮಾತ್ರ ಜೋಡಿಸಿ. ಕ್ರ್ಯಾಂಕ್ ಮಾಡುವಾಗ ಅಲಾರಂ ತಡೆಹಿಡಿದು ಕನಿಷ್ಠ ವೋಲ್ಟೇಜನ್ನು ಬರೆದಿಟ್ಟುಕೊಳ್ಳಿ. ವಾರದಿಂದ ವಾರಕ್ಕೆ ಆ ಅಂಕಿ ಇಳಿಯುತ್ತಿದ್ದರೆ ಬ್ಯಾಟರಿ ಬದಲಿಸಲು ಆರ್ಡರ್ ಕೊಡಿ.

ಪಿಎಲ್‌ಸಿಯೇ ಸತ್ತರೆ ಅಲಾರಂ ಕೊಡುವವರು ಯಾರು?

ಅಲಾರಂ ರಿಲೇಯನ್ನು ಉಲ್ಟಾ ಇಡಿ. ಎಲ್ಲಾ ಸರಿ ಇರುವಾಗ ಔಟ್‌ಪುಟ್ ಆನ್, ರಿಲೇ ಎಳೆದಿರಲಿ. ಹೂಟರ್‌ಗೆ ಎನ್‌ಸಿ ಕಾಂಟ್ಯಾಕ್ಟ್ (ರಿಲೇ ಬಿಟ್ಟಾಗ ಸೇರುವ ಕಾಂಟ್ಯಾಕ್ಟ್) ಬಳಸಿ. ವೋಲ್ಟೇಜ್ ಇಳಿದರೆ ಪ್ರೋಗ್ರಾಂ ಔಟ್‌ಪುಟ್ ಬಿಡುತ್ತದೆ, ಪಿಎಲ್‌ಸಿ ಸತ್ತರೆ, ವೈರ್ ತುಂಡಾದರೆ ಅದಾಗೇ ಬಿಡುತ್ತದೆ. ಹೂಟರ್‌ಗೆ ಸಪ್ಲೈ ಮಾತ್ರ ಈ 24 ವೋಲ್ಟ್‌ನಿಂದ ಬೇಡ, 230ರಿಂದ ಅಥವಾ ಬೇರೆ ಬ್ಯಾಟರಿಯಿಂದ ಕೊಡಿ. ರಿಲೇ 10–15%ವರೆಗೆ ಬಿಡುವುದಿಲ್ಲ ಅಂತ ಮೇಲೆ ನೋಡಿದೆವಲ್ಲ, ಹಾಗಾಗಿ ವೋಲ್ಟೇಜ್ ಇಳಿದಾಗ ರಿಲೇ ತಾನಾಗಿ ಬೀಳಲಿ ಅಂತ ಕಾಯಬೇಡಿ. ಅಳೆದು ಬೀಳಿಸಬೇಕು.

ಸಬ್‌ಸ್ಟೇಷನ್‌ನ 110 ವೋಲ್ಟ್ ಬ್ಯಾಟರಿಯನ್ನು ಹೀಗೇ ಡಿವೈಡರ್ ಹಾಕಿ ಓದಬಹುದಾ?

ದಯವಿಟ್ಟು ಮಾಡಬೇಡಿ. 55 ಲೆಡ್ ಆಸಿಡ್ ಸೆಲ್‌ಗಳ ಆ ಬ್ಯಾಂಕಿನ ಪ್ಲಸ್ಸೂ ಮೈನಸ್ಸೂ ಎರಡನ್ನೂ ಅರ್ತ್‌ನಿಂದ ದೂರ ಇಟ್ಟಿರುತ್ತಾರೆ. ಒಂದು ಕಡೆ ಅರ್ತ್ ಆದರೂ ಬ್ರೇಕರ್ ಟ್ರಿಪ್ ಮಾಡುವ ಸರ್ಕ್ಯೂಟ್ ಕೆಲಸ ಮಾಡಲಿ ಅಂತ. ನಿಮ್ಮ ಪಿಎಲ್‌ಸಿಯ ಮೈನಸ್ ಬಹುತೇಕ ಅರ್ತ್‌ಗೆ ಸೇರಿರುತ್ತದೆ. ಡಿವೈಡರ್ ಹಾಕಿದ ಕ್ಷಣ ಬ್ಯಾಟರಿಯ ಒಂದು ಬದಿಯನ್ನು ನೀವೇ ಅರ್ತ್ ಮಾಡಿದಂತೆ. ಅಲ್ಲಿಗೆ ಬೇಕಾದ್ದು ಐಸೊಲೇಷನ್ ಇರುವ ಡಿಸಿ ವೋಲ್ಟೇಜ್ ಟ್ರಾನ್ಸ್‌ಡ್ಯೂಸರ್. 0–150 ವೋಲ್ಟ್ ಒಳಗೆ, 4–20 ಮಿಲಿಆಂಪ್ ಹೊರಗೆ, ನಡುವೆ ಯಾವ ವಿದ್ಯುತ್ ಸಂಬಂಧವೂ ಇರುವುದಿಲ್ಲ. ಅದಕ್ಕೆ ಬೇಕಾದ ಸಪ್ಲೈ, ಫ್ಯೂಸ್ ಎಲ್ಲಿಂದ ತೆಗೆಯಬೇಕು ಅನ್ನುವುದನ್ನು ಸ್ಟೇಷನ್‌ನ ಪ್ರೊಟೆಕ್ಷನ್ ಎಂಜಿನಿಯರ್ ಜೊತೆ ಕೂತು ನಿರ್ಧರಿಸಿ, ಅವರ ಒಪ್ಪಿಗೆ ಇಲ್ಲದೆ ಆ ಬ್ಯಾಟರಿಯ ಒಂದು ಟರ್ಮಿನಲ್ ಕೂಡ ಮುಟ್ಟಬೇಡಿ.